ಸುಸ್ತಾಗುವ ಹಕ್ಕಿಲ್ಲದ ಅಡುಗೆ

ಅಮೆರಿಕದಲ್ಲಿ ಸಂಸಾರದ ಅಳತೆ 9 ಇಂಚು ಅಗಲ, 13 ಇಂಚು ಉದ್ದ. ಆ ಅಳತೆಯ ಗಾಜಿನ ಪಾತ್ರೆಯೊಂದಿಲ್ಲದ ಅಡುಗೆಮನೆ ಆ ದೇಶದಲ್ಲಿ ಸಿಗುವುದು ಅಪರೂಪ. ಬೆಂದ ಕೋಳಿಯ ಚೂರು, ಅನ್ನವೋ ನೂಡಲ್ಸೋ ಯಾವುದಾದರೊಂದು, ಡಬ್ಬಿಯಲ್ಲಿ ಬರುವ ಕ್ರೀಮ್ ಸೂಪು, ಹುಳಿ ಬಂದ ಕೆನೆ, ಎರಡು ಹಿಡಿ ತುರಿದ ಚೀಸು, ಇಷ್ಟನ್ನೂ ಅದರೊಳಗೆ ಕಲಸಿ, ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿ, ಓವನ್ನಿನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಅರ್ಧ ಗಂಟೆ ಇಟ್ಟರೆ ಚಿಕನ್ ಕ್ಯಾಸರೋಲ್ ತಯಾರು. ನಮ್ಮಲ್ಲಿ ಚಪಾತಿ ಬಿಸಿಯಾಗಿಡುವ ಪ್ಲಾಸ್ಟಿಕ್ ಡಬ್ಬಕ್ಕೂ ಇದೇ ಹೆಸರು. ದಯವಿಟ್ಟು ಅದನ್ನು ಓವನ್ನಿಗೆ ಇಡಬೇಡಿ.

ಈ ಅಡುಗೆಯನ್ನು ಯಾರೂ ಬರೀ ಚಿಕನ್ ಕ್ಯಾಸರೋಲ್ ಎಂದು ಕರೆಯುವುದಿಲ್ಲ. 'ಸುಲಭದ' ಚಿಕನ್ ಕ್ಯಾಸರೋಲ್ ಎಂದೇ ಹೇಳಬೇಕು. ಅದೂ 'ಮನೆಮಂದಿಯ ರಾತ್ರಿಯೂಟಕ್ಕೆ'. ಈ ಎರಡು ಬಿರುದುಗಳ ನಡುವೆ ಕೋಳಿ ಒಂದು ನೆಪ. ಕಷ್ಟದ ಅಡುಗೆ ಮಾಡಿದವಳಿಗೆ ಕೆಲವು ಸವಲತ್ತುಗಳಿರುತ್ತವೆ. ಒಬ್ಬಟ್ಟು ತಟ್ಟಿದವಳು ಸಂಜೆ ಸೊಂಟ ಹಿಡಿದುಕೊಂಡು 'ಉಸ್ಸಪ್ಪಾ' ಎಂದರೆ, ಜನ್ಮದಲ್ಲಿ ಲೋಟ ಎತ್ತಿಡದ ಗಂಡ ಕೂಡ 'ಕೂತ್ಕೊ, ಕಾಫಿ ನಾನೇ ಮಾಡ್ತೀನಿ' ಅಂತ ಬಾಯಲ್ಲಾದರೂ ಅನ್ನುತ್ತಾನೆ. ಸುಲಭದ ಅಡುಗೆ ಮಾಡಿದವಳಿಗೆ ಆ ಭಾಗ್ಯವಿಲ್ಲ. ಸುಲಭ ಅಂತ ಮೇಲೆಯೇ ಬರೆದಿದೆಯಲ್ಲ! ಸುಸ್ತಾದರೆ ಅದು ಅವಳ ಮೈಯ ದೋಷ, ಅಡುಗೆಯದಲ್ಲ.

ಮಿನೆಸೋಟದಲ್ಲಿರುವ ಮಗಳ ಮನೆಯಲ್ಲಿ ಈ ಸುಲಭವನ್ನು ನಾನು ಹತ್ತಿರದಿಂದ ಕಂಡೆ. ಐದೂವರೆಗೆ ಕೆಲಸ ಮುಗಿಸಿ, ಡೇಕೇರ್‌ನಿಂದ ಮಗುವನ್ನು ಕರೆದುಕೊಂಡು, ಬೂಟಿನ ಹಿಮ ಬಾಗಿಲಲ್ಲೇ ಕೊಡವಿ ಒಳಗೆ ಬಂದವಳು ಕೋಟು ಬಿಚ್ಚುವ ಮೊದಲೇ ಓವನ್ ಹಚ್ಚಿದಳು. ಆಮೇಲೆ ಡಬ್ಬಿ ತೆರೆದಳು. ಕ್ರೀಮ್ ಸೂಪು ನಾವು ತಿಳಿದಂತೆ ಸುರಿಯುವ ಪದಾರ್ಥವಲ್ಲ. ಡಬ್ಬಿಯ ತಳಕ್ಕೆ ಒಂದೇಟು ಕೊಟ್ಟರೆ 'ಪಚಕ್' ಎಂದು ಇಡಿಯಾಗಿ ಜಾರುತ್ತದೆ. ಜಾರಿದ ಮೇಲೂ ಡಬ್ಬಿಯ ಆಕಾರ ಬಿಡದೆ, ಸುತ್ತಿನ ಗೀರುಗಳನ್ನೆಲ್ಲ ಮೈಮೇಲೆ ಇಟ್ಟುಕೊಂಡೇ ನೆಟ್ಟಗೆ ನಿಂತಿರುತ್ತದೆ. ಚಮಚದಿಂದ ತಲೆ ಒತ್ತಿದರೆ ಒಲ್ಲದ ಮನಸ್ಸಿನಿಂದ ಕುಸಿಯುತ್ತದೆ. ಬಣ್ಣ ಹಳೇ ಸುಣ್ಣದ ಗೋಡೆಯ ಹಾಗೆ.

"ಇದಕ್ಕೆ ಒಗ್ಗರಣೆ?" ಅಂದೆ.

"ಅಮ್ಮಾ, ಇದು ಈಸಿ ರೆಸಿಪಿ. ಒಗ್ಗರಣೆ ಹಾಕಿದ್ರೆ ಈಸಿ ಎಲ್ಲಿಂದ ಬರುತ್ತೆ?"

ಪಾಕಪಟ್ಟಿಯಲ್ಲಿ 'ತಯಾರಿ: 10 ನಿಮಿಷ' ಎಂದಿತ್ತು. ಆ ಹತ್ತು ನಿಮಿಷದ ಗುಟ್ಟು ಇರುವುದು ಸಾಮಾನಿನ ಪಟ್ಟಿಯಲ್ಲಿ. 'ಬೇಯಿಸಿ ಎಳೆ ಬಿಡಿಸಿದ ಕೋಳಿ 3 ಕಪ್, ಸಣ್ಣಗೆ ಹೆಚ್ಚಿದ ಈರುಳ್ಳಿ ಅರ್ಧ ಕಪ್, ಹದವಾಗಿ ಬೇಯಿಸಿ ಬಸಿದ ಬ್ರಾಕೊಲಿ 2 ಕಪ್.' ಬೇಯಿಸಿದ್ದು ಯಾರು, ಹೆಚ್ಚಿದ್ದು ಯಾರು, ಬಸಿದದ್ದು ಯಾರು? ಗಡಿಯಾರ ಓಡಲು ಶುರುವಾಗುವುದು ಇವೆಲ್ಲ ಮುಗಿದ ಮೇಲೆ. ಈ ಲೆಕ್ಕದಲ್ಲಿ ನೋಡಿದರೆ ರಾಗಿ ಮುದ್ದೆಗೆ ಬೇಕಾದ ಸಮಯ ಅರ್ಧ ನಿಮಿಷ: 'ಕುದಿಸಿ, ತೊಳಸಿ, ಉಂಡೆ ಕಟ್ಟಿದ ಮುದ್ದೆ 4. ತಟ್ಟೆಗೆ ಹಾಕಿ.'

ಊಟಕ್ಕೆ ಕೂತಾಗ ಏಳೂಕಾಲು. ಮಗಳು ಸಿಂಕಿನ ಹತ್ತಿರ ನಿಂತು ಚೀಸು ಮೆತ್ತಿದ ತುರಿಮಣೆ ತಿಕ್ಕುತ್ತಿದ್ದಳು. ಅಳಿಯಂದಿರು ತಟ್ಟೆ ಮುಂದೆ ಕೂತು ಬಹಳ ಪ್ರೀತಿಯಿಂದಲೇ ಹೇಳಿದರು: "ಅತ್ತೆ, ವಾರದಲ್ಲಿ ಒಂದು ದಿನ ಹೀಗೆ ಸಿಂಪಲ್ಲಾಗಿ ಮುಗಿಸಿಬಿಡ್ತೀವಿ. ಅವಳಿಗೂ ರೆಸ್ಟು."

ಅವರ ಮೇಲೆ ತಪ್ಪು ಹೊರಿಸಲಾರೆ. ಡಬ್ಬಿಯ ಮೇಲಿನ ಮಾತನ್ನು ನಂಬುವವರು ಅವರೊಬ್ಬರೇ ಅಲ್ಲ.

ಈ ಡಬ್ಬಿಗೆ ಒಂದು ಸ್ಥಳಪುರಾಣವೇ ಇದೆ. ನ್ಯೂಜೆರ್ಸಿಯ ಕ್ಯಾಮ್ಡೆನ್ ಎಂಬ ಊರಿನ ಕ್ಯಾಂಪ್‌ಬೆಲ್ ಕಂಪನಿಯಲ್ಲಿ 1897ರಲ್ಲಿ ಜಾನ್ ಡೊರೆನ್ಸ್ ಎಂಬ ಎಳೆ ವಯಸ್ಸಿನ ರಸಾಯನಶಾಸ್ತ್ರಜ್ಞ ಕೆಲಸಕ್ಕೆ ಸೇರಿದ. ವಾರಕ್ಕೆ ಏಳೂವರೆ ಡಾಲರ್ ಸಂಬಳ. ಕಂಪನಿ ನಡೆಸುತ್ತಿದ್ದವರು ಸ್ವಂತ ಚಿಕ್ಕಪ್ಪ. ಸೂಪಿನಲ್ಲಿರುವ ನೀರನ್ನು ತೆಗೆದುಬಿಟ್ಟರೆ ಡಬ್ಬಿ ಚಿಕ್ಕದಾಗುತ್ತದೆ, ಸಾಗಣೆ ಖರ್ಚು ಇಳಿಯುತ್ತದೆ, ನೀರನ್ನು ಗಿರಾಕಿಯೇ ಮನೆಯಲ್ಲಿ ಸೇರಿಸಿಕೊಳ್ಳಲಿ ಎಂಬುದು ಅವನ ಶೋಧ. 1914ರ ಹೊತ್ತಿಗೆ ಅವನೇ ಕಂಪನಿಯ ಅಧ್ಯಕ್ಷ. ನಮ್ಮೂರ ಹಾಲಿನವರು ತಲೆಮಾರುಗಳಿಂದ ಇದೇ ವಿದ್ಯೆಯನ್ನು ತಿರುಗುಮುರುಗಾಗಿ ಮಾಡಿಕೊಂಡು ಬಂದಿದ್ದಾರೆ. ಅವರನ್ನು ಯಾರೂ ಅಧ್ಯಕ್ಷರನ್ನಾಗಿ ಮಾಡಲಿಲ್ಲ.

1934ರಲ್ಲಿ ಅದೇ ಕಂಪನಿ ಅಣಬೆಯ ಕ್ರೀಮ್ ಸೂಪನ್ನು ಹೊರತಂದಿತು. ಕ್ಯಾಸರೋಲ್ ಮೇಲೆ ಪುಡಿಯಾಗಿ ಉದುರುವ ರಿಟ್ಜ್ ಬಿಸ್ಕತ್ತು ಪೇಟೆಗೆ ಬಂದದ್ದೂ ಅದೇ ವರ್ಷ. ಆರ್ಥಿಕ ಮಹಾಕುಸಿತದ ಕಾಲ. ಮನೆಯಲ್ಲಿ ಉಳಿದದ್ದನ್ನು ಮುಚ್ಚಿಡಲು ಒಂದು ಬಿಳಿಯ ದ್ರವ್ಯ, ಮುಚ್ಚಿಟ್ಟದ್ದಕ್ಕೆ ಗರಿಗರಿ ಹೊದಿಕೆ ಎರಡೂ ಒಟ್ಟಿಗೆ ಅವತರಿಸಿದವು. ನೆನ್ನೆಯ ಕೋಳಿ, ಮೊನ್ನೆಯ ಬಟಾಣಿ, ಆಚೆಮೊನ್ನೆಯ ಅನ್ನ ಯಾವುದನ್ನೇ ತನ್ನಿ, ಸೂಪು ಭೇದಭಾವ ಮಾಡುವುದಿಲ್ಲ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ರುಚಿ, ಒಂದೇ ಉಪ್ಪು. ಮಿನೆಸೋಟದ ಕಡೆ ಲೂಥರನ್ ಚರ್ಚಿನ ಊಟಗಳಲ್ಲಿ ಇದು ಎಷ್ಟು ಬಳಕೆಯೆಂದರೆ, ಲೂಥರನ್ನರ ಅಂಟು ಅಂತಲೇ ಅದಕ್ಕೆ ಅಡ್ಡಹೆಸರಿದೆ. ಒಂದು ಪಂಥವನ್ನು ಹಿಡಿದಿಡಲು ದೇವರು ಸಾಲದೆ ಅಣಬೆ ಬೇಕಾಯಿತು.

ಡಬ್ಬಿ ಮಾರಬೇಕಾದರೆ ಅದನ್ನು ಖಾಲಿ ಮಾಡುವ ದಾರಿಯನ್ನೂ ಹೇಳಿಕೊಡಬೇಕು. ಅದಕ್ಕೆಂದು ಕಂಪನಿಯೊಳಗೇ ಒಂದು ಅಡುಗೆಮನೆ ಇತ್ತು, ಅಲ್ಲಿ ಗೃಹವಿಜ್ಞಾನ ಓದಿದ ಹೆಂಗಸರಿದ್ದರು. ಅವರಲ್ಲಿ ಡೋರ್ಕಸ್ ರೈಲಿ ಎಂಬಾಕೆ 1955ರಲ್ಲಿ ಹುರುಳಿಕಾಯಿ, ಅಣಬೆ ಸೂಪು, ಕರಿದ ಈರುಳ್ಳಿ ಸೇರಿಸಿ ಒಂದು ಕ್ಯಾಸರೋಲ್ ಹೊಂದಿಸಿದರು. ಇವತ್ತಿಗೂ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅದಿಲ್ಲದೆ ಎಷ್ಟೋ ಮನೆಗಳಲ್ಲಿ ಎಲೆ ಹಾಕುವುದಿಲ್ಲ. ವರ್ಷಗಳ ನಂತರ ಅದರ ಬಗ್ಗೆ ಕೇಳಿದವರಿಗೆ ರೈಲಿ, ಅದನ್ನು ಮಾಡಿದ್ದೇ ತನಗೆ ನೆನಪಿಲ್ಲ ಅಂದರಂತೆ. ಸುಲಭದ ಅಡುಗೆಯ ಪರಮಪದ ಇದು. ತಿಂದವರು ನೆನೆಯದಿರುವುದು ಮಾಮೂಲು, ಮಾಡಿದವಳೇ ಮರೆತಳು. 2002ರಲ್ಲಿ ಆಕೆ ಕೈಯಲ್ಲಿ ಬರೆದ ಪಾಕದ ಚೀಟಿಯನ್ನು ರಾಷ್ಟ್ರೀಯ ಸಂಶೋಧಕರ ಗೌರವಾಲಯಕ್ಕೆ ಒಪ್ಪಿಸಿದರು. ಚೀಟಿಗೆ ಗಾಜಿನ ಪೆಟ್ಟಿಗೆ ಸಿಗುವ ಹೊತ್ತಿಗೆ ಕಂಪನಿ ಎಷ್ಟು ಡಬ್ಬಿ ಮಾರಿತ್ತು ಅನ್ನುವುದನ್ನು ನೀವೇ ಊಹಿಸಿಕೊಳ್ಳಿ.

ಗಾಜಿನ ಪಾತ್ರೆಯ ಕತೆಯೂ ಬೇರೆ ಜಾತಿಯದಲ್ಲ. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಂಪನಿ ರೈಲಿನ ಲಾಂದ್ರಕ್ಕೆ, ಬ್ಯಾಟರಿ ಜಾಡಿಗೆ ಗಟ್ಟಿ ಗಾಜು ಮಾಡುತ್ತಿತ್ತು. ಅಲ್ಲಿನ ಭೌತವಿಜ್ಞಾನಿ ಜೆಸ್ಸಿ ಲಿಟಲ್‌ಟನ್ ಅವರ ಹೆಂಡತಿ ಬೆಸ್ಸಿಯ ಬೇಯಿಸುವ ಪಾತ್ರೆ 1913ರಲ್ಲಿ ಸೀಳು ಬಿಟ್ಟಿತು. ನಿಮ್ಮ ಗಾಜು ಅಷ್ಟು ಗಟ್ಟಿಯಾದರೆ ಒಂದು ತಂದುಕೊಡಿ ಎಂದಳು. ಗಂಡ ಬ್ಯಾಟರಿ ಜಾಡಿಯ ಬುಡ ಕೊಯ್ದು ತಂದರು. ಅವಳು ಅದರಲ್ಲಿ ಕೇಕ್ ಬೇಯಿಸಿ ಕಳಿಸಿದಳು. ಕಂಪನಿಯ ದೊಡ್ಡ ದೊಡ್ಡ ವಿಜ್ಞಾನಿಗಳು ತಿಂದು ನೋಡಿ ಬೆರಗಾದರು. 1915ರಲ್ಲಿ ಪೈರೆಕ್ಸ್ ಅಂಗಡಿಗೆ ಬಂತು. ಪ್ರಶ್ನೆ ಅವಳದು, ಪ್ರಯೋಗ ಅವಳದು, ಸಂಬಳದ ಪಟ್ಟಿಯಲ್ಲಿದ್ದ ಹೆಸರು ಮಾತ್ರ ಅವರದು. ಆ ಪಾತ್ರೆ ತೊಳೆದವರು ಯಾರು ಎಂದು ಇತಿಹಾಸ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ ಬಿಡಿ.

ಇನ್ನು ಕೋಳಿ. 'ಬೇಯಿಸಿ ಎಳೆ ಬಿಡಿಸಿದ ಕೋಳಿ' ಎಂದರೆ ಅಲ್ಲಿ ಈಗ ಅಂಗಡಿಯಲ್ಲೇ ಕಂಬಿಗೆ ಸಿಕ್ಕಿಸಿ ಸುಟ್ಟ ಕೋಳಿ ಎಂದರ್ಥ. ಕಾಸ್ಟ್ಕೊ ಎಂಬ ಸಗಟು ಮಳಿಗೆಯಲ್ಲಿ ಇಡೀ ಕೋಳಿಗೆ 2009ರಿಂದ ಒಂದೇ ದರ: 4 ಡಾಲರ್ 99 ಸೆಂಟ್. ಬಂಗಾರ, ಬಾಡಿಗೆ, ಬಸ್ ಚಾರ್ಜು ಎಲ್ಲ ಏರಿದರೂ ಆ ಕೋಳಿ ಮಾತ್ರ ಕೊಟ್ಟ ಮಾತಿಗೆ ತಪ್ಪಿಲ್ಲ. ವರ್ಷಕ್ಕೆ ಹತ್ತು ಕೋಟಿಗೂ ಹೆಚ್ಚು ಮಾರುತ್ತಾರೆ. ಲಾಭ ಬಿಟ್ಟು ಮಾರುವ ಈ ಕೋಳಿಯನ್ನು ಮಳಿಗೆಯ ಕಟ್ಟಕಡೆಯ ಮೂಲೆಯಲ್ಲಿಟ್ಟಿರುತ್ತಾರೆ. ಅದರ ತನಕ ನಡೆದುಹೋಗುವಷ್ಟರಲ್ಲಿ ಗಾಡಿಗೆ ಒಂದು ಟಿವಿ, ಮೂರು ಡಜನ್ ಮೊಟ್ಟೆ, ಯಾರಿಗೂ ಬೇಡದ ಒಂದು ಜಮಖಾನ ಬಂದು ಕೂತಿರುತ್ತವೆ. ಐದು ಡಾಲರಿನ ಕೋಳಿ ತರಲು ಹೋದ ಮಗಳು ಮುನ್ನೂರು ಡಾಲರಿನ ಬಿಲ್ಲು ಹಿಡಿದು ಬಂದು, "ಕೋಳಿ ತುಂಬಾ ಚೀಪು ಅಮ್ಮಾ" ಅಂದಳು.

ಆ ಕೋಳಿಯ ಎಳೆ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಸಿ ಇರುವಾಗಲೇ ಬಿಡಿಸಬೇಕು, ಆರಿದರೆ ಎದೆಯ ಮಾಂಸ ಮೂಳೆಗೆ ಕಚ್ಚಿಕೊಳ್ಳುತ್ತದೆ. ಬೆರಳ ಸಂದಿಯಲ್ಲೆಲ್ಲ ಜಿಡ್ಡು. ತೊಡೆಯ ಹತ್ತಿರದ ಮಾಂಸ ಕಂದು, ಎದೆಯದು ಬಿಳುಪು. ಮಕ್ಕಳಿಗೆ ಕಂದು ಕಾಣಬಾರದಂತೆ, ಅದನ್ನು ಸೂಪಿನ ಅಡಿಗೆ ತಳ್ಳಬೇಕಂತೆ. ಬಿಡಿಸಿ ಮುಗಿಸಿದ ಮೇಲೆ ಮೂಳೆಗಳನ್ನೆಲ್ಲ ಒಟ್ಟು ಮಾಡಿ ಎತ್ತಿಟ್ಟೆ. ಮಗಳು ಬಂದು ಕಸದ ಚೀಲಕ್ಕೆ ಸುರಿದಳು. ಮಂಡ್ಯದ ಕಡೆ ಹುಟ್ಟಿದ ನನ್ನ ಎದೆ ಧಸಕ್ಕೆಂದಿತು. ಮೂಳೆ ಎಸೆದು ಮಾಂಸ ತಿನ್ನುವುದು ಯಾವ ಊರಿನ ನ್ಯಾಯ? ಅಲ್ಲಿ ಕೋಳಿ ತೊಳೆಯುವುದಕ್ಕೂ ಸರ್ಕಾರದ ಸಮ್ಮತಿಯಿಲ್ಲ. ಹಸಿ ಕೋಳಿ ತೊಳೆದರೆ ಸಿಂಕಿನ ತುಂಬ ಕ್ರಿಮಿ ಹರಡುತ್ತದೆ, ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ತನಕ ಬೇಯಿಸಿ ಸಾಕು ಎಂಬುದು ಅಲ್ಲಿನ ಕೃಷಿ ಇಲಾಖೆಯ ಬುದ್ಧಿಮಾತು. ಉಪ್ಪು, ಅರಿಸಿನ ಹಾಕಿ ನಾಲ್ಕು ನೀರಲ್ಲಿ ತೊಳೆಯದ ಕೋಳಿಯನ್ನು ಒಲೆಗೆ ಏರಿಸದ ನಾವು ಇದನ್ನು ಓದಿ, ವಿಜ್ಞಾನ ಸರಿ ಎಂದು ಒಪ್ಪಿ, ಯಾರೂ ನೋಡದಾಗ ತೊಳೆಯುತ್ತೇವೆ.

ಈ ಸುಲಭಗಳಿಂದ ಯಾರ ಕೆಲಸ ಕಡಿಮೆಯಾಯಿತು ಎಂದು ಲೆಕ್ಕ ಹಾಕಿದವರೂ ಇದ್ದಾರೆ. ರುತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರ್ತಿ 1983ರಲ್ಲಿ 'ಮೋರ್ ವರ್ಕ್ ಫಾರ್ ಮದರ್' ಎಂಬ ಪುಸ್ತಕ ಬರೆದರು. ಮನೆಗೆ ಯಂತ್ರ ಬಂದಾಗ ಮೊದಲು ಮಾಯವಾದದ್ದು ಗಂಡಸರ, ಮಕ್ಕಳ ಕೆಲಸ ಎಂಬುದು ಅವರ ವಾದದ ತಿರುಳು. ಗಂಡ ಸೌದೆ ಸೀಳುತ್ತಿದ್ದ. ಗ್ಯಾಸ್ ಒಲೆ ಬಂತು, ಅವನಿಗೆ ಬಿಡುವಾಯಿತು. ಮಕ್ಕಳು ನೀರು ಹೊರುತ್ತಿದ್ದರು. ನಲ್ಲಿ ಬಂತು, ಅವರು ಶಾಲೆಗೆ ಹೋದರು. ಅವಳು ಬೇಯಿಸುತ್ತಿದ್ದಳು, ಒಲೆ ಸುಧಾರಿಸಿತು, ಅವಳು ಇನ್ನೂ ನಾಲ್ಕು ಬಗೆ ಬೇಯಿಸಿದಳು. ನಮ್ಮಲ್ಲೂ ಇದಕ್ಕೆ ಸಾಕ್ಷಿ ಹುಡುಕಬೇಕಿಲ್ಲ. ರುಬ್ಬುವ ಕಲ್ಲಿನ ಕಾಲದಲ್ಲಿ ಹಬ್ಬಕ್ಕೊಮ್ಮೆ ಆಗುತ್ತಿದ್ದ ದೋಸೆ, ಗ್ರೈಂಡರ್ ಬಂದ ಮೇಲೆ ವಾರಕ್ಕೆ ಮೂರು ಸಲ ಆಗತೊಡಗಿತು. 'ಸ್ವಿಚ್ ಹಾಕಿದ್ರೆ ಆಯ್ತಲ್ಲ' ಎಂದವರು ಯಾರೆಂದು ಹೇಳಬೇಕೆ?

ಕೋವನ್‌ಗಿಂತ ಮೊದಲೇ ಪೆಗ್ ಬ್ರಾಕನ್ ಎಂಬ ಜಾಹೀರಾತು ಬರಹಗಾರ್ತಿ ಇದನ್ನೇ ನಗುತ್ತಾ ಹೇಳಿದ್ದರು. 1960ರಲ್ಲಿ ಆಕೆ ಅಡುಗೆಯೆಂದರೆ ನನಗಾಗದು ಎಂದು ಹೆಸರಿನಲ್ಲೇ ಸಾರುವ ಪಾಕಪುಸ್ತಕ ತಂದರು. ಗಂಡು ಸಂಪಾದಕರು ಹೆಂಗಸರು ಇದನ್ನು ಕೊಳ್ಳಲಾರರೆಂದು ವಾಪಸು ಕಳಿಸಿದರಂತೆ. ಅಡುಗೆ ಮಾಡಿ ಗೊತ್ತಿದ್ದ ಸಂಪಾದಕಿಯ ಕೈಗೆ ಸಿಕ್ಕಮೇಲೆ ಅಚ್ಚಾಗಿ ಲಕ್ಷಗಟ್ಟಲೆ ಖರ್ಚಾಯಿತು. ಅದರ ತುಂಬ ಡಬ್ಬಿ ಸೂಪು. ಆದರೆ ಆಕೆ ಡಬ್ಬಿ ತೆರೆದದ್ದು ಸಂಸಾರ ಬೆಳಗಲೆಂದಲ್ಲ, ಬೇಗ ಅಡುಗೆಮನೆಯಿಂದ ಆಚೆ ಬರಲಿಕ್ಕೆ. ಕಂಪನಿಯವರೂ ಆಕೆಯೂ ಮಾರಿದ್ದು ಒಂದೇ ಪಾಕ. ಕಂಪನಿ ಅದಕ್ಕೆ ನಗುವ ಗೃಹಿಣಿಯ ಚಿತ್ರ ಹಾಕಿತು, ಆಕೆ ನಗಲಿಲ್ಲ, ಅಷ್ಟೇ ವ್ಯತ್ಯಾಸ.

ಗಂಡಸರು ಕ್ಯಾಸರೋಲ್ ಮಾಡುವುದಿಲ್ಲವೆಂದು ತಿಳಿಯಬೇಡಿ. ಮಾಡುತ್ತಾರೆ, ಟ್ರೋಫಿ ಇದ್ದರೆ. ಮಿನೆಸೋಟದಲ್ಲಿ ಈ ಅಡುಗೆಯನ್ನು ಹಾಟ್‌ಡಿಶ್ ಎನ್ನುತ್ತಾರೆ. ಅದರ ಅಚ್ಚಾದ ಹಳೆಯ ಪಾಕವೊಂದು ಮ್ಯಾಂಕೇಟೋ ಊರಿನ ಗ್ರೇಸ್ ಲೂಥರನ್ ಚರ್ಚಿನ ಮಹಿಳಾ ಸಂಘ 1930ರಲ್ಲಿ ತಂದ ಪುಸ್ತಕದಲ್ಲಿದೆ. ಆ ಕಾಲದ ಚರ್ಚಿನ ಪಾಕಪುಸ್ತಕಗಳಲ್ಲಿ ಹೆಂಗಸರು ಗಂಡನ ಹೆಸರಿನ ಹಿಂದೆ 'ಮಿಸೆಸ್' ಸೇರಿಸಿಕೊಂಡು ಅವಿತಿರುತ್ತಿದ್ದರು. ಹೀಗಾಗಿ ಕೋಳಿ ಬೇಯಿಸಿದ ಕೀರ್ತಿಯೂ ಅವಳಿಗೆ ಯಜಮಾನರ ಮೂಲಕವೇ ತಲುಪಬೇಕು. ಎಂಬತ್ತು ವರ್ಷ ಕಳೆದು 2011ರಲ್ಲಿ ಆಗಿನ ಸೆನೆಟರ್ ಆಲ್ ಫ್ರಾಂಕನ್ ವಾಷಿಂಗ್ಟನ್ನಿನಲ್ಲಿ ತಮ್ಮ ರಾಜ್ಯದ ಸಂಸದರಿಗೆ ಹಾಟ್‌ಡಿಶ್ ಸ್ಪರ್ಧೆ ಶುರು ಮಾಡಿದರು. ಮುಂದೆ ರಾಜ್ಯಪಾಲರಾಗಿ, 2024ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೂ ನಿಂತ ಟಿಮ್ ವಾಲ್ಜ್ ಅದನ್ನು ಮೂರು ಸಲ ಗೆದ್ದರು. ಚುನಾವಣೆ ಹೊತ್ತಿಗೆ ಅವರ ಪಾಕ ದೇಶಕ್ಕೆಲ್ಲ ಗೊತ್ತಾಯಿತು. ಹೆಂಗಸು ಮಾಡಿದರೆ ರಾತ್ರಿಯೂಟ, ಗಂಡಸು ಮಾಡಿದರೆ ಪ್ರಣಾಳಿಕೆ.

ಹಾಟ್‌ಡಿಶ್ ಮೇಲೆ ಸಾಲಾಗಿ ಜೋಡಿಸುವ ಟೇಟರ್ ಟಾಟ್ ಎಂಬ ಆಲೂಗಡ್ಡೆ ಗುಂಡುಗಳನ್ನೂ ಇಲ್ಲೇ ನೆನೆಯಬೇಕು. ಒರೆಗಾನಿನ ಓರ್-ಐಡಾ ಕಂಪನಿ ಫ್ರೆಂಚ್ ಫ್ರೈ ಕತ್ತರಿಸಿ ಉಳಿದ ಚೂರುಗಳನ್ನು ದನಕ್ಕೆ ಹಾಕುತ್ತಿತ್ತು. 1953ರಲ್ಲಿ ಅದನ್ನು ಹಿಟ್ಟು ಬೆರೆಸಿ ಉಂಡೆ ಮಾಡಿ ಮನುಷ್ಯರಿಗೆ ಮಾರುವುದೆಂದು ತೀರ್ಮಾನವಾಯಿತು. ದನಗಳ ಅಭಿಪ್ರಾಯ ದಾಖಲಾಗಿಲ್ಲ.

ಇದೆಲ್ಲ ಆ ದೇಶದ ಗೋಳು, ನಮಗೇನು ಅಂತೀರಾ? ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ತಂಗಿಯ ಮನೆಗೂ ಸುಲಭ ಬಂದು ಮುಟ್ಟಿದೆ. ಕಂತಿನಲ್ಲಿ ತಂದ ಓಟಿಜಿ ಓವನ್ನು ಫ್ರಿಜ್ಜಿನ ಮೇಲೆ ಕೂತು ಕೆಲಸ ಬೇಡುತ್ತಿತ್ತು. ಅವಳ ಮಗಳು ಫೋನಿನಲ್ಲಿ ನಲವತ್ತು ಸೆಕೆಂಡಿನ ವಿಡಿಯೊ ತೋರಿಸಿ "ಅಮ್ಮ, ಇದು ಎಷ್ಟು ಈಸಿ ನೋಡು" ಅಂದಿತು. ಸೂಪಿನ ಡಬ್ಬಿ ಬೀದಿ ಅಂಗಡಿಯಲ್ಲಿ ಇಲ್ಲ. ದೊಡ್ಡ ಮಳಿಗೆಯಲ್ಲಿ ಪರದೇಶದ ಸಾಮಾನಿನ ಕಪಾಟಿನಲ್ಲಿ ಸಿಕ್ಕರೂ ಅದರ ಬೆಲೆಗೆ ಒಂದು ನಾಟಿ ಕೋಳಿಯ ಕಾಲು ಬರುತ್ತದೆ. ಹಾಗಾಗಿ ಬೆಣ್ಣೆ ಕರಗಿಸಿ, ಮೈದಾ ಹುರಿದು, ಹಾಲು ಸ್ವಲ್ಪ ಸ್ವಲ್ಪವೇ ಹೊಯ್ದು, ಗಂಟಾಗದಂತೆ ಕೈ ಬಿಡದೆ ತಿರುವಿ ಡಬ್ಬಿಯೊಳಗಿನ ವಸ್ತುವನ್ನು ಕೈಯಾರೆ ತಯಾರಿಸಿದಳು. ಕಾರ್ಖಾನೆಯೊಂದು ನೂರು ವರ್ಷದಿಂದ ಯಾವ ಕೆಲಸ ತಪ್ಪಿಸುತ್ತಿದ್ದೇನೆ ಎಂದು ಹೇಳಿಕೊಂಡು ಬಂದಿತ್ತೋ ಆ ಕೆಲಸವನ್ನು ಅವಳು ಸುಲಭದ ಹೆಸರಿನಲ್ಲಿ ಮಾಡಿ ಮುಗಿಸಿದಳು. ಕೋಳಿ ಅಂಗಡಿಯವನು ಬೋನ್‌ಲೆಸ್ ಎಂದ ಕೂಡಲೇ ಕೆಜಿಗೆ ನೂರಾರು ರೂಪಾಯಿ ಏರಿಸಿದ. ಓವನ್ ಬಿಸಿಯಾಗುವಾಗ ಗೀಸರ್ ಕೂಡ ಆನ್ ಇದ್ದದ್ದಕ್ಕೆ ಎಂಸಿಬಿ ಬಿತ್ತು.

ಮದ್ದೂರಿನಿಂದ ಬಂದಿದ್ದ ಅವಳ ಅತ್ತೆ ತಟ್ಟೆಯಲ್ಲಿ ಬಿದ್ದ ಬಿಳಿ ಚೌಕವನ್ನು ಬೆರಳಿನಿಂದ ಒತ್ತಿ ನೋಡಿದರು. "ಮೂಳೆ ಎಲ್ಲವ್ವಾ?"

"ಮೂಳೆ ಹಾಕೋದಿಲ್ಲ ಅತ್ತೆ ಇದಕ್ಕೆ."

"ಸರಿ. ಮುದ್ದೆಗೆ ಏನು?"

ಹಾಗಾಗಿ ಮುದ್ದೆ ತಿರುವಿ, ಫ್ರಿಜ್ಜಿನಲ್ಲಿದ್ದ ಉಪ್ಸಾರು ಬಿಸಿ ಮಾಡಿ, ಮಾವನವರಿಗೆ ರಾತ್ರಿ ಅನ್ನ ಬೇಡವೆಂದು ಎರಡು ಚಪಾತಿ ಬೇಯಿಸಿದಳು. ಸುಲಭದ ಅಡುಗೆ ಮನೆಗೆ ಬಂದಾಗ ಹಳೆಯದು ಯಾವುದೂ ಜಾಗ ಖಾಲಿ ಮಾಡುವುದಿಲ್ಲ. ಪಕ್ಕಕ್ಕೆ ಸರಿದು ಕೂರುತ್ತದೆ. ಮಗಳು ಕ್ಯಾಸರೋಲಿನ ಫೋಟೊ ತೆಗೆದು ನಾಲ್ಕು ಚಮಚ ತಿಂದಿತು. ಉಳಿದದ್ದನ್ನು ತಂಗಿ ಮಾರನೆ ದಿನ ಬೆಳಗ್ಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಬ್ರೆಡ್ಡಿನ ನಡುವೆ ಒತ್ತಿ ಎಲ್ಲರ ಟಿಫಿನ್ ಡಬ್ಬಿಗೆ ತುಂಬಿದಳು. ನಿಜ ಹೇಳಬೇಕೆಂದರೆ ಅದು ಬಹಳ ಚೆನ್ನಾಗಿತ್ತು.

ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವುದು ಎಂಬ ಎರಡನೇ ಬಿರುದಿನ ವಿಷಯ ಜಾಸ್ತಿ ಹೇಳುವುದೇನಿಲ್ಲ. ಕೋಳಿಯನ್ನು 165 ಡಿಗ್ರಿಗೆ ತರುವುದು ಸುಲಭ. ನಾಲ್ಕು ಜನರನ್ನು ಒಂದೇ ಹೊತ್ತಿಗೆ ಒಂದೇ ಮೇಜಿಗೆ ತರುವ ಡಬ್ಬಿಯನ್ನು ಯಾವ ಡೊರೆನ್ಸೂ ಕಂಡುಹಿಡಿದಿಲ್ಲ. ಮಿನೆಸೋಟದಲ್ಲಿ ಮೊಮ್ಮಗನಿಗೆ ಹಾಕಿ ಅಭ್ಯಾಸ, ಅಳಿಯಂದಿರಿಗೆ ಇಂಡಿಯಾ ಜೊತೆ ಮೀಟಿಂಗು. ವಿಜಯನಗರದಲ್ಲಿ ಅತ್ತೆಯವರಿಗೆ ಧಾರಾವಾಹಿ, ಮಾವನವರಿಗೆ ಏಳಕ್ಕೇ ಹಸಿವು. ಎಲ್ಲ ಕಡೆಯೂ ಮೇಜಿನ ಹತ್ತಿರ ಖಾಯಮ್ಮಾಗಿ ಇರುವವಳು ಒಬ್ಬಳೇ, ಅವಳೂ ನಿಂತೇ ಇರುತ್ತಾಳೆ. ಅವಳು ಕೂರುವಷ್ಟರಲ್ಲಿ ಪಾತ್ರೆಯ ನಾಲ್ಕೂ ಮೂಲೆಯ ಗರಿ ಭಾಗ ಖಾಲಿ, ನಡುವಿನ ಮೆತ್ತನೆಯ ಭಾಗ ಅವಳಿಗೆ. ಅಲ್ಲೂ ಹಾಗೇ, ಇಲ್ಲೂ ಹಾಗೇ.

ಆದರೆ ಮಿನೆಸೋಟದವರ ಒಂದು ರೂಢಿ ನನಗೆ ಹಿಡಿಸಿತು. ಬಾಣಂತಿ ಇರುವ ಮನೆಗೆ, ಸಾವಾದ ಮನೆಗೆ, ಹೊಸದಾಗಿ ಬಿಡಾರ ಬಂದವರಿಗೆ ನೆರೆಯವರು ಕ್ಯಾಸರೋಲ್ ಮಾಡಿ ಫಾಯಿಲ್ ಹೊದಿಸಿ ತಂದುಕೊಡುತ್ತಾರೆ. ಮಗಳ ಎದುರು ಮನೆಯಾಕೆ ಹಿಮದಲ್ಲಿ ಕಾಲೆಳೆದುಕೊಂಡು ಬಂದು ಒಂದು ತಂದಿಟ್ಟರು. ಅಮೆರಿಕದ ದಕ್ಷಿಣದ ಕಡೆಯ ಪಾಕವಂತೆ, ಮೇಲೆಲ್ಲ ಗಸಗಸೆ ಉದುರಿತ್ತು. ನಾವಾದರೆ ಅಷ್ಟು ಗಸಗಸೆಗೆ ತೆಂಗಿನಕಾಯಿ, ಬೆಲ್ಲ ಸೇರಿಸಿ ರುಬ್ಬಿ, ಪಾಯಸ ಕುಡಿದು ಮಧ್ಯಾಹ್ನವೆಲ್ಲ ಮಲಗಿರುತ್ತಿದ್ದೆವು. ತಿಂದು ಪಾತ್ರೆ ತೊಳೆದು ಬೋರಲು ಹಾಕಿದಾಗ ಅಡಿಯಲ್ಲಿ ಒಂದು ಕಾಗದದ ಟೇಪು, ಅದರ ಮೇಲೆ ಪೆನ್ನಿನಲ್ಲಿ ಆಕೆಯ ಹೆಸರು. ಗಂಡನದಲ್ಲ, ಮಿಸೆಸ್ ಯಾರೋ ಅಲ್ಲ, ಬರೀ ಆಕೆಯದು. ಅಡುಗೆಗೆ ಸಹಿ ಇಲ್ಲ, ಪಾತ್ರೆ ಕಳೆಯಬಾರದಲ್ಲ ಅದಕ್ಕೆ ಸಹಿ. ನಮ್ಮಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಕೊರೆಸುತ್ತೇವೆ. ನನ್ನ ಮನೆಯ ಡಬರಿ, ಚೊಂಬು, ತಟ್ಟೆಗಳನ್ನೆಲ್ಲ ನೆನೆದು ನೋಡಿದೆ: ಮಾವನವರ ಹೆಸರು, ಯಜಮಾನರ ಇನಿಷಿಯಲ್ಲು, ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟ ಸೊಸೈಟಿ ಸೆಕ್ರೆಟರಿಯ ಹೆಸರು. ನನ್ನ ಹೆಸರಿರುವುದು ತೌರಿನವರು ಕೊಟ್ಟ ಒಂದು ಉಪ್ಪಿನಕಾಯಿ ಬಟ್ಟಲಿನ ಮೇಲೆ, ಅದರ ಮುಚ್ಚಳ ಕಾಣೆಯಾಗಿದೆ.

ಮಗಳು ಆ ಗಾಜಿನ ಪಾತ್ರೆಯನ್ನು ಹಾಗೇ ವಾಪಸು ಕೊಡಲು ಹೊರಟಳು. ನಾನು ಬಿಡಲಿಲ್ಲ. ಖಾಲಿ ಪಾತ್ರೆ ಯಾರ ಮನೆಗೂ ಹೋಗಬಾರದು. ಚಿತ್ರಾನ್ನ ಕಲಸಿ, ಕಡಲೇಬೀಜ ಜಾಸ್ತಿ ಹಾಕಿ ತುಂಬಿಸಿ ಕಳಿಸಿದೆ. ನಾಲ್ಕು ದಿನಕ್ಕೆ ಅದೇ ಪಾತ್ರೆ ಬಾಗಿಲಿಗೆ ಬಂತು, ಈ ಸಲ ಟ್ಯೂನಾ ಮೀನಿನ ಕ್ಯಾಸರೋಲ್ ಹೊತ್ತು. ಆಕೆಯ ಕಡೆಯೂ ಖಾಲಿ ಕೊಡುವ ಪದ್ಧತಿ ಇರಲಿಲ್ಲವೋ ಏನೋ. ನಾನು ಕೇಸರಿಬಾತ್ ಹಾಕಿ ಕಳಿಸಿದೆ. ಚಳಿಗಾಲವಿಡೀ ಆ ಪಾತ್ರೆ ರಸ್ತೆ ದಾಟುತ್ತಲೇ ಇತ್ತು. ಬೇಯಿಸಿದವರು ನಾವಿಬ್ಬರು, ಹೊತ್ತವರು ನಾವಿಬ್ಬರು, ತೊಳೆದವರೂ ನಾವೇ. ಮಾರ್ಚಿನಲ್ಲಿ ಹಿಮ ಸ್ವಲ್ಪ ಕರಗಿದಾಗ ಆಕೆಯ ಯಜಮಾನರೂ ನನ್ನ ಅಳಿಯಂದಿರೂ ಬೇಲಿಯ ಹತ್ತಿರ ಸಲಿಕೆ ಹಿಡಿದು ನಿಂತು ಮಾತಾಡುತ್ತಿದ್ದರು. ಅಡುಗೆಮನೆ ಕಿಟಕಿಗೆ ಕೇಳಿಸಿತು. ಈ ವರ್ಷ ಚಳಿ ಜಾಸ್ತಿಯೇ, ಆದರೆ ನಮ್ಮಿಬ್ಬರ ಮನೆಯಲ್ಲೂ ಅಡುಗೆ ಕೆಲಸ ಮಾತ್ರ ಬಹಳ ಕಡಿಮೆಯಾಯಿತಪ್ಪಾ, ಎಂದು ಅವರು ಪರಸ್ಪರ ಅಭಿನಂದಿಸಿಕೊಳ್ಳುತ್ತಿದ್ದರು.